ಹಗೇವು ತುಂಬಿದ ಮೇಲೆ

“ಗುಂಡಿ ತೋಡುವುದಕ್ಕೂ ನಾವು ದುಡ್ಡು ಕೊಡಬೇಕೇ?”

2012ರ ಆರಂಭದಲ್ಲಿ ಕೆನ್ಯಾದ ನೈರೋಬಿಯ ಒಂದು ಸಭೆಯಲ್ಲಿ ನನಗೆ ಎದುರಾದ ಪ್ರಶ್ನೆ ಇದು. ಕೇಳಿದವರು ನಮ್ಮ ಯೋಜನೆಗೆ ಹಣ ಒದಗಿಸಬೇಕಿದ್ದವರು. ಸೊಮಾಲಿಯಾದ ಬೇ ಪ್ರಾಂತ್ಯದಲ್ಲಿ, ಬೈದೋವಾ ಪಟ್ಟಣದ ಸುತ್ತಲಿನ ಹನ್ನೊಂದು ಹಳ್ಳಿಗಳ ಸುಮಾರು 1,800 ಕುಟುಂಬಗಳಿಗೆ ಒಂದು ಹಂಗಾಮಿನ ಉದ್ದಕ್ಕೂ ಕಂತುಕಂತಾಗಿ ಹಣ ಕೊಡಬೇಕು, ಕೊನೆಯ ಕಂತು ಜೋಳ ತುಂಬಿಡುವ ನೆಲಗುಂಡಿಗೆ ಎಂದು ನಾನು ಪ್ರಸ್ತಾವ ಬರೆದಿದ್ದೆ. ಆ ಗುಂಡಿಗೆ ಅಲ್ಲಿ ಬಕಾರ್ ಎನ್ನುತ್ತಾರೆ. ನಾನು ವಿಜಯಪುರ ಜಿಲ್ಲೆಯವನು. ಮೊದಲ ಸಲ ಬಕಾರ್ ನೋಡಿದಾಗ ಯಾರೂ ನನಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಲಿಲ್ಲ. ಅದು ನಮ್ಮೂರ ಹಗೇವು. ಸಮುದ್ರ ದಾಟಿ ಹೋದರೂ ಅದೇ ಜೋಳ, ಅದೇ ಮಣ್ಣಿನ ಹೊಟ್ಟೆ.

ಅಂದು ಆಗದು ಎಂದು ತಲೆ ಅಲ್ಲಾಡಿಸಿದವರಲ್ಲಿ ಇಬ್ಬರು ಆಮೇಲೆ ತಮ್ಮ ಯೋಜನೆಗಳಲ್ಲಿ ಅದೇ ಕಂತುಗಳನ್ನು ಬರೆದುಕೊಂಡರು. ನಮ್ಮ ನಾಡಿನಲ್ಲಿ ಬರ ಪರಿಹಾರದ ಕೆಲಸದಲ್ಲಿರುವ ಗೆಳೆಯರು ಹೇಗೆ ಮಾಡಿದಿರಿ ಎಂದು ಪದೇ ಪದೇ ಕೇಳುತ್ತಾರೆ. ಅದಕ್ಕಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಯೋಜನೆಯ ಲೆಕ್ಕಗಳನ್ನೆಲ್ಲ ನೆನಪಿನಿಂದಲೇ ಕೊಡುತ್ತಿದ್ದೇನೆ, ಅಲ್ಪಸ್ವಲ್ಪ ಹೆಚ್ಚುಕಡಿಮೆ ಇರಬಹುದು. ಕುಟುಂಬಗಳ ಆಯ್ಕೆ, ಮಕ್ಕಳ ಅಪೌಷ್ಟಿಕತೆ ತಿಳಿಯಲು ಅಳೆಯುವ ತೋಳಿನ ಸುತ್ತಳತೆ, ಮಾರುಕಟ್ಟೆ ಸಮೀಕ್ಷೆ, ಇವೆಲ್ಲ ನಿಮಗೆ ಗೊತ್ತಿರುವ ಕೆಲಸ. ಅವುಗಳ ವಿವರಣೆಗೆ ಹೋಗುವುದಿಲ್ಲ.

ಹಿನ್ನೆಲೆ ಇಷ್ಟು. 2011ರ ಜುಲೈ 20ರಂದು ವಿಶ್ವಸಂಸ್ಥೆ ದಕ್ಷಿಣ ಬಕೂಲ್ ಮತ್ತು ಕೆಳ ಶಬೆಲ್ಲೆ ಪ್ರಾಂತ್ಯಗಳಲ್ಲಿ ಕ್ಷಾಮ ಘೋಷಿಸಿತು. ಸೆಪ್ಟೆಂಬರ್ ಹೊತ್ತಿಗೆ ಬೇ ಪ್ರಾಂತ್ಯವೂ ಆ ಪಟ್ಟಿಗೆ ಸೇರಿತು. 2012ರ ಫೆಬ್ರುವರಿ 3ರಂದು ಕ್ಷಾಮ ಮುಗಿಯಿತೆಂದು ಪ್ರಕಟಣೆ ಬಂದಿತು. ಸುಮಾರು 2,58,000 ಜನ ಸತ್ತರೆಂದು 2013ರಲ್ಲಿ ಹೊರಬಂದ ಅಧ್ಯಯನ ಹೇಳಿತು. ಅವರಲ್ಲಿ ಅರ್ಧದಷ್ಟು ಐದು ವರ್ಷದೊಳಗಿನ ಮಕ್ಕಳು. ಈ ಸಂಖ್ಯೆ ಓದಿದ ದಿನ ನಾನು ಕಚೇರಿಯಿಂದ ಎದ್ದು ಹೊರಗೆ ಹೋಗಿ ಬಹಳ ಹೊತ್ತು ನಿಂತಿದ್ದೆ. ನಾವು ತಡವಾಗಿ ಹೋದೆವು. ಎಲ್ಲರೂ ತಡವಾಗಿ ಹೋದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ಮುಂದೆ ಬರೆಯುವ ಯಾವ ಯಶಸ್ಸೂ ಆ ಸಾವುಗಳನ್ನು ತುಂಬಿಕೊಡುವುದಿಲ್ಲ.

ಕ್ಷಾಮ ಮುಗಿದ ಪ್ರಕಟಣೆ ಬಂದ ವಾರದಿಂದಲೇ ದಾನಿಗಳ ಕೈ ಬಿಗಿಯಾಯಿತು. ಸಾಯುವವರ ಸಂಖ್ಯೆ ಇಳಿದಿತ್ತು, ಜನವರಿಯಲ್ಲಿ ದೇರ್ ಮಳೆಯ, ಅಂದರೆ ಅಕ್ಟೋಬರ್‌ನಲ್ಲಿ ಶುರುವಾಗುವ ಮಳೆಯ, ಸುಗ್ಗಿಯೂ ಚೆನ್ನಾಗಿ ಬಂದಿತ್ತು. ಇನ್ನೇನು ಬೇಕು ಎಂಬುದು ಅವರ ವಾದ. ಆದರೆ ನಮ್ಮ ಹನ್ನೊಂದು ಹಳ್ಳಿಗಳಲ್ಲಿ ಆ ಸುಗ್ಗಿ ಎಷ್ಟು ಜನರ ಮನೆಗೆ ಹೋಯಿತು? ಬಿತ್ತಿದವರೇ ಅರ್ಧದಷ್ಟು. ಉಳಿದವರು ರಾಜಧಾನಿ ಮೊಗದಿಶುವಿನ ಗುಡಿಸಲುಗಳಲ್ಲೋ ಕೆನ್ಯಾ ಗಡಿಯೊಳಗಿನ ದದಾಬ್ ನಿರಾಶ್ರಿತರ ಶಿಬಿರದಲ್ಲೋ ಇದ್ದರು. ಬಿತ್ತಿದವರ ಜೋಳವೂ ಕಣದಿಂದಲೇ ಸಾಲ ಕೊಟ್ಟವರ ಚೀಲಕ್ಕೆ ಹೋಯಿತು.

ನನ್ನ ಮೊದಲ ಸೋಲು ಇದಕ್ಕೂ ಹಿಂದಿನದು. 2011ರ ಅಕ್ಟೋಬರ್‌ನಲ್ಲಿ, ದೇರ್ ಮಳೆಗೆ ಮುಂಚೆ, ನಾವು ಹೊರಗಿನಿಂದ ಬಿತ್ತನೆ ಬೀಜ ತರಿಸಿದೆವು. ಸುಮಾರು ಇಪ್ಪತ್ತು ಟನ್. ಸುಧಾರಿತ ತಳಿ, ಬಿಳಿ ಕಾಳು, ಎಕರೆಗೆ ಹೆಚ್ಚು ಇಳುವರಿ ಎಂದು ಚೀಲದ ಮೇಲೆಯೇ ಬರೆದಿತ್ತು. ಕೃಷಿ ಓದಿದವನಾದ ನಾನೇ ಅದನ್ನು ಆರಿಸಿದ್ದೆ. ಬೀಜ ಬಂದರಿನಲ್ಲಿ ಹದಿನಾರು ದಿನ ಕೂತಿತು. ಆಮೇಲೆ ಮೊಗದಿಶುವಿನಿಂದ ಬೈದೋವಾಕ್ಕೆ ಸುಮಾರು 250 ಕಿಲೋಮೀಟರ್ ದಾರಿ, ಅದರ ಉದ್ದಕ್ಕೂ ಆಯುಧ ಹಿಡಿದವರ ತಡೆಗಳು, ತಡೆಗೊಂದು ಸುಂಕ. ಹಳ್ಳಿಗೆ ಮುಟ್ಟುವ ಹೊತ್ತಿಗೆ ಮಳೆ ಶುರುವಾಗಿ ಎರಡು ವಾರ ಕಳೆದಿತ್ತು. ಬೀಜದ ಬೆಲೆಗಿಂತ ಸಾಗಣೆಯ ವೆಚ್ಚವೇ ಹೆಚ್ಚಾಯಿತು.

ಹಸಿದ ಮನೆಗೆ ಬೀಜ ಕೊಟ್ಟರೆ ಏನಾಗುತ್ತದೆ? ಶಿಲೀಂಧ್ರನಾಶಕ ಹಚ್ಚಿದ ಗುಲಾಬಿ ಬಣ್ಣದ ಕಾಳನ್ನು ತಾಯಂದಿರು ಏಳು ಸಲ ತೊಳೆದು ಕುದಿಸಿದರು. ಒಂದು ಹಳ್ಳಿಯಲ್ಲಿ ಮಕ್ಕಳು ವಾಂತಿ ಮಾಡಿಕೊಂಡರು. ಯಾರ ಜೀವವೂ ಹೋಗಲಿಲ್ಲ, ಅದು ದೇವರ ದಯೆ. ಬಿತ್ತಿದಷ್ಟು ಬೀಜ ಚೆನ್ನಾಗಿಯೇ ಎದ್ದಿತು. ತೆನೆ ಹಾಲುಗಾಳು ಕಟ್ಟುವ ಹೊತ್ತಿಗೆ ಕ್ವೀಲಿಯಾ ಹಕ್ಕಿಗಳ ಹಿಂಡು ಬಂದು ಬಿಳಿ ಜೋಳದ ಹೊಲಗಳನ್ನೇ ಹುಡುಕಿ ಕೂತಿತು. ಪಕ್ಕದ ಹೊಲದ ನಾಟಿ ಕೆಂಪು ಜೋಳ ಒಗರು. ಹಕ್ಕಿ ಅದನ್ನು ಅಷ್ಟಾಗಿ ಮುಟ್ಟಲಿಲ್ಲ. ಅಲ್ಲಿನ ರೈತರು ಕೆಂಪು ಜೋಳವನ್ನು ಏಕೆ ಕಾಪಾಡಿಕೊಂಡು ಬಂದಿದ್ದಾರೆಂದು ಒಂದು ಮಾತು ಕೇಳಿದ್ದರೆ ನನ್ನ ಇಪ್ಪತ್ತು ಟನ್ ಉಳಿಯುತ್ತಿತ್ತು.

ಆಗ ನಾನು ನೈರೋಬಿಯಿಂದಲೇ ಕೆಲಸ ನಡೆಸುತ್ತಿದ್ದೆ. ಬೈದೋವಾ ಅಲ್-ಶಬಾಬ್ ಎಂಬ ಸಶಸ್ತ್ರ ಇಸ್ಲಾಮಿ ಸಂಘಟನೆಯ ಹಿಡಿತದಲ್ಲಿತ್ತು. ಆ ನವೆಂಬರ್‌ನಲ್ಲಿ ಅವರು 16 ನೆರವು ಸಂಸ್ಥೆಗಳನ್ನು ನಿಷೇಧಿಸಿದರು. ನಮ್ಮ ಕೆಲಸ ಒಂದು ಸ್ಥಳೀಯ ಸಂಸ್ಥೆಯ ಹೆಗಲ ಮೇಲೆ ನಡೆದಿತ್ತು. ಫೆಬ್ರುವರಿ 22ರಂದು ಇಥಿಯೋಪಿಯಾ ಮತ್ತು ಸೊಮಾಲಿ ಸರ್ಕಾರದ ಪಡೆಗಳು ಪಟ್ಟಣವನ್ನು ಹಿಡಿದ ಮೇಲೆಯೇ ನಾನು ಅಲ್ಲಿಗೆ ಹೋಗಿ ಇಳಿದದ್ದು. ಹಳ್ಳಿಗಳಿಗೆ ಹೋಗುವುದು ಆಮೇಲೂ ಸುಲಭವಿರಲಿಲ್ಲ. ನನ್ನ ಕಣ್ಣು ಮತ್ತು ಕಾಲು ಆಗಿದ್ದವರು ಬೈದೋವಾದವರೇ ಆದ ನನ್ನ ಸಹೋದ್ಯೋಗಿ. ನನ್ನನ್ನು ವಾಲಾಲ್, ಅಂದರೆ ಸೋದರ, ಎಂದು ಕರೆಯುತ್ತಿದ್ದರು. ಅವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ, ಅವರು ಇನ್ನೂ ಅಲ್ಲಿದ್ದಾರೆ.

ಅವರೇ ನನ್ನನ್ನು ಮೊದಲ ಬಾರಿ ಒಂದು ಕಿರಾಣಿ ಅಂಗಡಿಗೆ ಕರೆದೊಯ್ದರು. ಅಂಗಡಿಯವರು ಉದ್ರಿ ಪುಸ್ತಕ ತೆಗೆದು ತೋರಿಸಿದರು. ಪುಟಪುಟದಲ್ಲಿ ಹೆಸರು, ಹೆಸರಿನ ಮುಂದೆ ಸಕ್ಕರೆ, ಎಣ್ಣೆ, ಹಿಟ್ಟು. 2010ರ ಕೊನೆಯಿಂದ ಒಂದು ಬಾಕಿಗೂ ತೀರಿತೆಂಬ ಗೆರೆ ಬಿದ್ದಿರಲಿಲ್ಲ. “ಇವರೆಲ್ಲ ಊರು ಬಿಟ್ಟದ್ದು ಹಸಿವಿನಿಂದಷ್ಟೇ ಅಲ್ಲ, ವಾಲಾಲ್. ನಾನು ಉದ್ರಿ ನಿಲ್ಲಿಸಿದ ತಿಂಗಳು ಅವರು ಹೊರಟರು. ನನಗೂ ಮೊಗದಿಶುವಿನ ದೊಡ್ಡ ವರ್ತಕ ಉದ್ರಿ ನಿಲ್ಲಿಸಿದ್ದ” ಎಂದರು. ಈ ಮಾತು ನನ್ನ ಯೋಜನೆಯ ಬುನಾದಿ. ಕ್ಷಾಮ ಎಂಬುದು ಸರಪಳಿಯ ಒಂದೊಂದೇ ಕೊಂಡಿ ಕಳಚುತ್ತಾ ಬರುತ್ತದೆ: ಮಳೆ, ಬೆಳೆ, ದನಕರು, ಉದ್ರಿ, ಕೊನೆಗೆ ಊರು. ಜೋಡಿಸುವಾಗಲೂ ಒಂದೊಂದೇ ಕೊಂಡಿ ಜೋಡಿಸಬೇಕು, ಮತ್ತು ಅದು ಬೇಸಾಯದ ಪಂಚಾಂಗದ ಪ್ರಕಾರ ಆಗಬೇಕು.

ನಾವು ಕೊನೆಗೆ ಹಿಡಿದ ದಾರಿ ಹೀಗಿತ್ತು. ಅಲ್ಲಿನ ಇನ್ನೊಂದು ಮಳೆಗಾಲವಾದ ಗೂ ಮಳೆ ಏಪ್ರಿಲ್‌ನಲ್ಲಿ ಶುರು. ಅದಕ್ಕೆ ಮುಂಚೆ, ಮಾರ್ಚ್‌ನಲ್ಲಿ, ಪ್ರತಿ ಕುಟುಂಬಕ್ಕೆ 80 ಡಾಲರ್ ಊಟದ ಹಣ. ಏಪ್ರಿಲ್‌ನಲ್ಲಿ ಮತ್ತೊಮ್ಮೆ ಅಷ್ಟೇ, ಜೊತೆಗೆ 25 ಡಾಲರ್‌ನ ಬೀಜದ ಚೀಟಿ. ಮೇ ನಡುವಿನಲ್ಲಿ ಕಳೆ ತೆಗೆಯುವ ಕಾಲಕ್ಕೆ 40. ಜೂನ್‌ನಲ್ಲಿ ಕೊನೆಯ 80. ಕೊಯ್ಲಿಗೆ ಮುಂಚೆ ಬಕಾರ್‌ಗೆ 15. ಹಣ ಮುಟ್ಟಿಸುವವರ ದಳ್ಳಾಳಿ ನೂರಕ್ಕೆ ನಾಲ್ಕರಷ್ಟು. ಒಟ್ಟು ಕುಟುಂಬಕ್ಕೆ 330 ಡಾಲರ್ ಆಸುಪಾಸು, ಎಲ್ಲ ಸೇರಿ ಸುಮಾರು ಆರು ಲಕ್ಷ ಡಾಲರ್. ನಮ್ಮ ಸಿಬ್ಬಂದಿಯ ಸಂಬಳ, ವಿಮಾನದ ಖರ್ಚು ಬೇರೆ.

ಹಣ ಹೋದದ್ದು ಹವಾಲಾ ಮೂಲಕ. ನಮ್ಮ ದೇಶದಲ್ಲಿ ಆ ಪದಕ್ಕೆ ಕಪ್ಪುಹಣದ ವಾಸನೆ ಅಂಟಿದೆ. ಸೊಮಾಲಿಯಾದಲ್ಲಿ 1991ರಲ್ಲಿ ಸರ್ಕಾರವೇ ಕುಸಿದ ಮೇಲೆ ಆಗ ಬ್ಯಾಂಕ್ ಎಂದರೆ ಅದೇ ಆಗಿತ್ತು. ಹೊರದೇಶಗಳಲ್ಲಿ ದುಡಿಯುವವರು ಮನೆಗೆ ಹಣ ಕಳಿಸುತ್ತಿದ್ದದ್ದು ಅದರಲ್ಲೇ. ಡಾಲರ್‌ನಲ್ಲಿ ಕೊಡಬೇಕೋ ಸೊಮಾಲಿ ಶಿಲ್ಲಿಂಗ್‌ನಲ್ಲೋ ಎಂದು ಮೂರು ವಾರ ಚರ್ಚೆ ಮಾಡಿದೆವು. ಆಗ ಅಲ್ಲಿ ಚಲಾವಣೆಯಲ್ಲಿದ್ದದ್ದು ಸಾವಿರ ಶಿಲ್ಲಿಂಗ್‌ನ ನೋಟು ಒಂದೇ, ಅದರಲ್ಲಿ ಬಹುಪಾಲು ಖೋಟಾ, ಒಂದು ಡಾಲರ್‌ಗೆ ಇಪ್ಪತ್ತು ಇಪ್ಪತ್ತೈದು ನೋಟು. ಎಂಬತ್ತು ಡಾಲರ್ ಎಂದರೆ ಇಟ್ಟಿಗೆಯಷ್ಟು ದಪ್ಪದ ಕಟ್ಟುಗಳು. ಅದನ್ನು ಹೊತ್ತು ಹೆಂಗಸೊಬ್ಬಳು ಹತ್ತು ಮೈಲಿ ನಡೆಯಬೇಕು. ಡಾಲರ್ ಎಂದೇ ತೀರ್ಮಾನಿಸಿದೆವು. ಇಪ್ಪತ್ತು ಡಾಲರ್‌ನ ನಾಲ್ಕು ನೋಟು ಸೆರಗಿನ ತುದಿಗೆ ಗಂಟು ಕಟ್ಟಿದರೆ ಯಾರಿಗೂ ಕಾಣುವುದಿಲ್ಲ.

ಕುಟುಂಬಗಳ ಪಟ್ಟಿ ಮಾಡುವುದರಲ್ಲಿ ನಾವು ಮೊದಲ ಸುತ್ತು ಸೋತೆವು. ಊರ ಹಿರಿಯರು ಕೊಟ್ಟ ಪಟ್ಟಿಯಲ್ಲಿ 1,940 ಹೆಸರಿತ್ತು. ಅವುಗಳಲ್ಲಿ ನೂರಕ್ಕೂ ಹೆಚ್ಚು ಹೆಸರುಗಳಿಗೆ ಮನುಷ್ಯರೇ ಇರಲಿಲ್ಲ. ಅದಕ್ಕಿಂತ ನೋವಾದ ಸಂಗತಿ, ಪಟ್ಟಿಯಲ್ಲಿ ಇರಲೇಬೇಕಿದ್ದವರು ಇರಲಿಲ್ಲ. ಅಲ್ಲಿನ ಅಲ್ಪಸಂಖ್ಯಾತರಾದ ಬಂಟು ಮೂಲದ ಕುಟುಂಬಗಳು ಬೇರೆಯವರ ಹೊಲದಲ್ಲಿ ದುಡಿದು ಬದುಕುವವರು, ಕುಲದ ಬೆಂಬಲವಿಲ್ಲದವರು. ಎರಡು ಹಳ್ಳಿಗಳಲ್ಲಿ ಅವರ ಒಂದು ಮನೆಯೂ ಪಟ್ಟಿ ಸೇರಿರಲಿಲ್ಲ. ಕ್ಷಾಮದಲ್ಲಿ ಹೆಚ್ಚು ಮಕ್ಕಳನ್ನು ಕಳೆದುಕೊಂಡವರೂ ಅವರೇ. ಪಟ್ಟಿಯನ್ನು ಹಿಂದೆ ಪಡೆದು ಒಂಬತ್ತು ದಿನಗಳಲ್ಲಿ ಮತ್ತೆ ಮಾಡಿದೆವು. ಹೇಗೆ ಮಾಡಿದೆವು ಎಂಬುದನ್ನು ಅರ್ಧ ಮಾತ್ರ ಹೇಳುತ್ತೇನೆ: ಗಂಡಸರ ಸಭೆ ನಡೆಯುವ ಹೊತ್ತಿಗೇ ನೀರಿನ ಹೊಂಡದ ಬಳಿ ಹೆಂಗಸರಿಗೆ ಬೇರೊಂದು ಪ್ರಶ್ನೆ ಕೇಳಿಸುತ್ತಿದ್ದೆವು. ಆ ಪ್ರಶ್ನೆ ಯಾವುದು, ಉತ್ತರವನ್ನು ಯಾವುದರೊಂದಿಗೆ ತಾಳೆ ನೋಡಿದೆವು ಎಂಬುದನ್ನು ಬರೆದರೆ ಮುಂದಿನ ಸಲ ಅದು ಕೆಲಸ ಮಾಡುವುದಿಲ್ಲ. ಕೆಲಸದಲ್ಲಿರುವವರು ಎದುರಿಗೆ ಸಿಕ್ಕಾಗ ಕೇಳಿ, ಹೇಳುತ್ತೇನೆ.

ಬೀಜದ ಸಂತೆ ನಮ್ಮ ಯೋಜನೆಯ ಹಬ್ಬದ ದಿನ. ಬೀಜದ ಚೀಟಿ, ಬೀಜದ ಸಂತೆ ಎಂಬುದು ಹೊಸ ವಿದ್ಯೆಯೇನಲ್ಲ, ಆಫ್ರಿಕಾದ ಬೇರೆ ದೇಶಗಳಲ್ಲಿ 2000ದ ಹೊತ್ತಿಗೇ ಬಳಕೆಗೆ ಬಂದಿತ್ತು. ಕ್ಷಾಮ ಬಡಿದ ಊರಿನಲ್ಲಿ ಬೀಜ ಎಲ್ಲಿರುತ್ತದೆ ಎಂದು ಎಲ್ಲರೂ ನನ್ನನ್ನು ಕೇಳಿದರು. ಬೀಜ ಇತ್ತು. ಕೊಳ್ಳುವ ಶಕ್ತಿ ಇರಲಿಲ್ಲ, ಅಷ್ಟೇ. ನಾಲ್ಕು ಸಂತೆ ನಡೆಸಿದೆವು. ಮಾರಲು ಬಂದವರಲ್ಲಿ ಹೆಚ್ಚಿನವರು ಹೆಂಗಸರು, ಗಡಿಗೆಯಲ್ಲಿ ಬೂದಿ ಬೆರೆಸಿ ಕಾಪಿಟ್ಟ ಕೆಂಪು ಜೋಳ, ಅಲಸಂದೆ, ಸ್ವಲ್ಪ ಎಳ್ಳು. ನೂರು ಕಾಳು ಒದ್ದೆ ಗೋಣಿಯಲ್ಲಿ ಸುತ್ತಿ ಮೊಳಕೆ ನೋಡುವ ಕೆಲಸ ನಾಲ್ಕು ದಿನ ಮುಂಚೆಯೇ ಮುಗಿಸಿದ್ದೆವು. ಎಂಬತ್ತಕ್ಕಿಂತ ಕಡಿಮೆ ಮೊಳೆತದ್ದನ್ನು ಒಳಗೆ ಬಿಡಲಿಲ್ಲ. ಆದರೂ ಒಬ್ಬ ಮುದುಕಿ, ಎಲ್ಲರೂ ಅಯೆಯೋ, ಅಂದರೆ ಅಜ್ಜಿ, ಎಂದು ಕರೆಯುತ್ತಿದ್ದವರು, ನಮ್ಮ ಗೋಣಿಯ ಕಡೆ ತಿರುಗಿಯೂ ನೋಡಲಿಲ್ಲ. ಪ್ರತಿ ರಾಶಿಯಿಂದ ಒಂದು ಕಾಳು ಎತ್ತಿ ಮುಂದಿನ ಹಲ್ಲಿನಲ್ಲಿ ಕಚ್ಚಿ, ಕಿವಿಯ ಹತ್ತಿರ ಹಿಡಿದಂತೆ ತಲೆ ವಾಲಿಸಿ ಸದ್ದು ಕೇಳುತ್ತಿದ್ದರು. ಟಕ್ ಎಂದರೆ ಬೀಜ, ಮೆತ್ತಗೆ ಮುರಿದರೆ ಊಟದ ಜೋಳ. ಅವರು ಬೇಡವೆಂದ ಮೂರು ರಾಶಿಗಳನ್ನು ಆಮೇಲೆ ಮತ್ತೆ ಮೊಳಕೆಗಿಟ್ಟು ನೋಡಿದೆ. ಎರಡರಲ್ಲಿ ಅರವತ್ತೂ ಮೊಳೆಯಲಿಲ್ಲ. ನಮ್ಮ ಪರೀಕ್ಷೆಗೆ ತಂದ ಮಾದರಿ ಒಂದು, ಸಂತೆಗೆ ತಂದ ಚೀಲ ಇನ್ನೊಂದು ಆಗಿತ್ತು. ಮುಂದಿನ ಸಂತೆಗಳಲ್ಲಿ ಆ ಅಜ್ಜಿಯನ್ನೂ ಇನ್ನಿಬ್ಬರನ್ನೂ ದಿನಕ್ಕೆ ಐದು ಡಾಲರ್ ಕೊಟ್ಟು ಬಾಗಿಲಲ್ಲೇ ಕೂರಿಸಿದೆವು. ಚೀಟಿಗಳ ನಕಲು ತಡೆಯಲು ಒಂದು ಗುರುತು ಹಾಕಿದ್ದೆವು. ಅದನ್ನು ಹೇಳುವುದಿಲ್ಲ.

ಇಪ್ಪತ್ತೈದು ಡಾಲರ್‌ನಲ್ಲಿ ಎರಡು ಎರಡೂವರೆ ಹೆಕ್ಟೇರ್‌ಗೆ ಸಾಲುವಷ್ಟು ಜೋಳದ ಬೀಜ ಬಂದು ಅಲಸಂದೆಗೂ ಉಳಿಯಿತು. ಆ ಹಣವೆಲ್ಲ ಅದೇ ಸೀಮೆಯ ಹೆಂಗಸರ ಕೈಯಲ್ಲೇ ಉಳಿಯಿತು. ಹಿಂದಿನ ವರ್ಷ ಅಷ್ಟೇ ಹಣ ಲಾರಿಗೂ ಬಂದರಿಗೂ ತಡೆಗಳಿಗೂ ಹೋಗಿತ್ತು.

ಈಗ ಕಳೆಯ ಹಣ. ಎಲ್ಲಕ್ಕಿಂತ ಹೆಚ್ಚು ಜಗಳವಾದದ್ದು ಇದರ ಮೇಲೆ. ದುಡಿಮೆಗೆ ಹಣ ಕೊಡಿ, ರಸ್ತೆ ಮಾಡಿಸಿ, ಹೊಂಡದ ಹೂಳು ತೆಗೆಸಿ, ಸುಮ್ಮನೆ ಏಕೆ ಕೊಡುತ್ತೀರಿ ಎಂದು ಎಲ್ಲ ಕಡೆಯಿಂದ ಒತ್ತಡ. ನಾನು ಒಪ್ಪಲಿಲ್ಲ, ಅದಕ್ಕೆ ಕಾರಣ ನಮ್ಮ ಆಯಿ. 1972ರ ಬರದಲ್ಲಿ ಆಕೆ ಕಾಮಗಾರಿಗೆ ಹೋಗಿ ಜಲ್ಲಿ ಒಡೆದವಳು. “ಕಾಮಗಾರಿ ನಮ್ಮನ್ನು ಬದುಕಿಸಿತು, ಸುಳ್ಳು ಹೇಳಬಾರದು. ಆದರೆ ಮರುವರ್ಷ ಮಳೆ ಬಂದಾಗಲೂ ಕೈಯಲ್ಲಿ ಕಾಸಿಲ್ಲದೆ ಅಲ್ಲೇ ಉಳಿದೆವು, ಹೊಲ ಕಳೆ ತಿಂದಿತು” ಎನ್ನುತ್ತಿದ್ದಳು. ಬೇ ಪ್ರಾಂತ್ಯದಲ್ಲೂ ಅದೇ ನಡೆಯುತ್ತಿತ್ತು. ಬಿತ್ತಿ ಐದನೇ ವಾರಕ್ಕೆ ಮನೆಯಲ್ಲಿ ಕಾಳು ಮುಗಿಯುತ್ತದೆ. ಆಗ ಗಂಡ ಹೆಂಡತಿ ಇಬ್ಬರೂ ಯಾಂಬೋ, ಅಂದರೆ ಅಲ್ಲಿನ ಮೋಟು ಗುದ್ದಲಿ, ಹಿಡಿದು ಉಳ್ಳವರ ಹೊಲಕ್ಕೆ ಕಳೆಗೆ ಹೋಗುತ್ತಾರೆ. ತಮ್ಮ ಹೊಲದಲ್ಲಿ ಕಳೆ ಮೊಣಕಾಲು ಮುಟ್ಟುತ್ತದೆ. ಹೆಕ್ಟೇರಿಗೆ ನಾಲ್ಕು ಕ್ವಿಂಟಲ್ ಬರಬೇಕಾದಲ್ಲಿ ಒಂದೂವರೆ ಬರುತ್ತದೆ. ಆ ಮೂರು ವಾರ ಅವರನ್ನು ಅವರ ಹೊಲದಲ್ಲೇ ನಿಲ್ಲಿಸುವುದಕ್ಕೆ 40 ಡಾಲರ್ ಸಾಕು. ನನ್ನ ಇಡೀ ಯೋಜನೆಯಲ್ಲಿ ಒಂದು ಡಾಲರ್‌ಗೆ ಅತಿ ಹೆಚ್ಚು ಜೋಳ ತಂದುಕೊಟ್ಟದ್ದು ಈ ಕಂತು. ಹಣ ಸಿಗದ ಪಕ್ಕದ ಹಳ್ಳಿಗಳೊಂದಿಗೆ ಹೋಲಿಸಿ ಮೂವತ್ತು ಹೊಲ ತೂಗಿ ನೋಡಿದೆವು, ಹೆಚ್ಚುಕಡಿಮೆ ಎರಡು ಪಟ್ಟು.

ಹಣ ಸುರಿದರೆ ಜೋಳದ ಬೆಲೆ ಗಗನಕ್ಕೇರುತ್ತದೆ ಎಂಬ ಆಕ್ಷೇಪವೂ ಇತ್ತು. ಪ್ರತಿ ಕಂತಿಗೆ ಹತ್ತು ದಿನ ಮೊದಲು ಬೈದೋವಾದ ಏಳೆಂಟು ವರ್ತಕರಿಗೆ ಈ ಕಡೆ ಕೊಳ್ಳುವವರಿದ್ದಾರೆ ಎಂದಷ್ಟೇ ಸುದ್ದಿ ಮುಟ್ಟಿಸುತ್ತಿದ್ದೆವು. ಕತ್ತೆಗಾಡಿಗಳಲ್ಲಿ ಮಾಲು ಬಂದು ನಿಲ್ಲುತ್ತಿತ್ತು. ಮಾರ್ಚ್‌ನಲ್ಲಿ ಒಂದು ವಾರ ಬೆಲೆ ಸ್ವಲ್ಪ ಏರಿತು, ಆಮೇಲೆ ತಾನಾಗಿ ಇಳಿಯಿತು.

ಊಟದ ಹಣದಲ್ಲಿ ಮೂರನೆಯ ಒಂದು ಪಾಲು ಸಾಲ ತೀರಿಸಲು ಹೋಯಿತು. ವರದಿಯಲ್ಲಿ ಇದನ್ನು ಓದಿದ ದಾನಿ ಸಂಸ್ಥೆಯವರು ಹಣ ದುರುಪಯೋಗವಾಯಿತು ಎಂದು ಬರೆದು ಕಳಿಸಿದರು. ನಾನು ಉತ್ತರವಾಗಿ ಅದೇ ಅಂಗಡಿಯ ಉದ್ರಿ ಪುಸ್ತಕದ ಎರಡು ಪುಟಗಳ ಚಿತ್ರ ಕಳಿಸಿದೆ, ಹೆಸರುಗಳನ್ನು ಮುಚ್ಚಿ. ಒಂದರಲ್ಲಿ ಹಳೆಯ ಬಾಕಿಗೆ ಗೆರೆ ಎಳೆದಿತ್ತು, ಇನ್ನೊಂದರಲ್ಲಿ ಅದೇ ಮನೆಯವರು ಆಗಸ್ಟ್‌ನಲ್ಲಿ ಮತ್ತೆ ಉದ್ರಿ ಪಡೆದ ಲೆಕ್ಕ. ಆ ಪುಸ್ತಕ ಮತ್ತೆ ತೆರೆದದ್ದೇ ನಮ್ಮ ಕೆಲಸದ ಮೊದಲ ಗೆಲುವು. ಅದನ್ನು ದುರುಪಯೋಗ ಎನ್ನುವವರು ಉದ್ರಿಯಿಲ್ಲದೆ ಒಂದು ಹಂಗಾಮು ಬೇಸಾಯ ಮಾಡಿ ನೋಡಬೇಕು.

ಒಂದು ವಿಷಯದಲ್ಲಿ ಹಣದಿಂದ ಏನೂ ಆಗಲಿಲ್ಲ. ತೋಳಿನ ಸುತ್ತಳತೆ 11.5 ಸೆಂಟಿಮೀಟರ್‌ಗಿಂತ ಕಡಿಮೆಯಿದ್ದ ಮಕ್ಕಳಿಗೆ ಬೇಕಾದದ್ದು ಚಿಕಿತ್ಸೆಯ ಆಹಾರ ಮತ್ತು ದಡಾರದ ಲಸಿಕೆ. ಕ್ಷಾಮದಲ್ಲಿ ದಡಾರ ಮತ್ತು ವಾಂತಿಭೇದಿ ಹಸಿವಿನಷ್ಟೇ ಮಕ್ಕಳನ್ನು ಒಯ್ದವು. ನಮ್ಮ ಹಳ್ಳಿಗಳಿಗೆ ವೈದ್ಯಕೀಯ ತಂಡವೊಂದು ವಾರಕ್ಕೆ ಒಮ್ಮೆ ಬರುವಂತೆ ಒಪ್ಪಿಸಲು ನಾಲ್ಕು ತಿಂಗಳು ಹಿಡಿಯಿತು. ಅದನ್ನು ಮೊದಲ ದಿನವೇ ಜೋಡಿಸಿಕೊಳ್ಳದೆ ಹೋದದ್ದು ನನ್ನ ತಪ್ಪು.

ಆ ವರ್ಷ ಗೂ ಮಳೆ ನಾವು ಆಶಿಸಿದಷ್ಟು ಸುರಿಯಲಿಲ್ಲ. ಹೊಟ್ಟೆಗೆ ಆಯಿತು, ಬಕಾರ್‌ಗೆ ಉಳಿಯಲಿಲ್ಲ. ನೈರೋಬಿಯಲ್ಲಿ ಮತ್ತದೇ ಪ್ರಶ್ನೆ: ಗುಂಡಿಗೆ ಕೊಟ್ಟ ಹಣ ಎಲ್ಲಿ ಹೋಯಿತು? ಗುಂಡಿಯಲ್ಲೇ ಇತ್ತು. ಜನ ಹಳೆಯ ಬಕಾರ್‌ಗಳನ್ನು ತೋಡಿ, ಕೆರೆದು, ಒಳಗೆ ಬೆಂಕಿ ಹಾಕಿ ಒಣಗಿಸಿ, ಬಾಯಿ ಮುಚ್ಚಿ ಇಟ್ಟಿದ್ದರು. ಖಾಲಿ ಬಕಾರ್ ಒಂದು ಮನೆಯ ಮುಂದೆ ಬಾಯಿ ತೆರೆದು ಕಾಯುತ್ತಿದ್ದರೆ ಆ ಮನೆಯವರು ಸುಗ್ಗಿಯ ಜೋಳವನ್ನೆಲ್ಲ ಕಣದಲ್ಲೇ ಮಾರುವುದಿಲ್ಲ ಎಂದು ನಾನು ವಾದಿಸಿದ್ದೆ. ಅದು ನಿಜವಾಯಿತೋ ಇಲ್ಲವೋ ತಿಳಿಯಲು 2013ರ ಜನವರಿಯ ಸುಗ್ಗಿಯವರೆಗೆ ಕಾಯಬೇಕಾಯಿತು.

ಆ ನಡುವೆ ಕೆಲವು ಪ್ರಯೋಗ ಮಾಡಿದೆ. ಬಕಾರ್ ಒಳಗೆ ದಪ್ಪ ಪ್ಲಾಸ್ಟಿಕ್ ಹಾಳೆ ಹಾಸಿದರೆ ನೀರು ಬಸಿಯುವುದಿಲ್ಲ ಎಂದುಕೊಂಡೆ. ಆರು ಗುಂಡಿಗಳಲ್ಲಿ ಮಾಡಿ ನೋಡಿದೆವು. ಕಾಳು ಬೆವರಿತು, ಹಾಳೆಗೆ ತಾಗಿದ ಒಂದು ಗೇಣು ಜೋಳವೆಲ್ಲ ಬೂಷ್ಟು ಹಿಡಿಯಿತು. ನಮ್ಮ ಹಗೇವಿನಲ್ಲಿ ಮಾಡುವಂತೆ ಒಣಹುಲ್ಲಿನ ದಪ್ಪ ಹಗ್ಗ ಹೊಸೆದು ಗೋಡೆಯ ಸುತ್ತ ಬಿಗಿಯಾಗಿ ಸುತ್ತಿದ ಗುಂಡಿಗಳು ಗೆದ್ದವು. ಅವರೂ ಜೋಳದ ದಂಟನ್ನು ಹಾಸುತ್ತಿದ್ದರು, ಆದರೆ ಹಗ್ಗ ಹೊಸೆಯುತ್ತಿರಲಿಲ್ಲ. ಇದೊಂದು ನಾನು ವಿಜಯಪುರದಿಂದ ಅಲ್ಲಿಗೆ ಕೊಟ್ಟದ್ದು, ಹೆಮ್ಮೆಯಿಂದ ಹೇಳಿಕೊಳ್ಳುತ್ತೇನೆ. ಬೇವಿನ ಎಲೆ ಬೆರೆಸಿದ ಜೋಳಕ್ಕೆ ಹುಳು ಬೀಳಲಿಲ್ಲ, ಆದರೆ ಅವರ ಸೋರ್, ಅಂದರೆ ನಮ್ಮ ಸಂಗಟಿಯಂಥದ್ದು, ಕಹಿಯಾಯಿತೆಂದು ಹೆಂಗಸರು ಬೇಡವೆಂದರು. ಎಲೆಯನ್ನು ಬಾಯಿಯ ಕೆಳಗಿನ ಪದರಕ್ಕಷ್ಟೇ ಹಾಕುವುದೆಂದು ರಾಜಿಯಾಯಿತು.

ಆಡುಗಳ ಪ್ರಯೋಗವನ್ನೂ ಹೇಳಬೇಕು. ಅರವತ್ತು ವಿಧವೆಯರಿಗೆ ಮೂರು ಮೂರು ಆಡು. ಮೊದಲ ಮೂವತ್ತು ಮನೆಗಳಿಗೆ ಗುತ್ತಿಗೆದಾರರೊಬ್ಬರ ಮೂಲಕ ದೂರದಿಂದ ಒಟ್ಟಿಗೆ ಕೊಂಡೆವು, ಆಡಿಗೆ 45 ಡಾಲರ್ ಬಿದ್ದಿತು. ಎರಡು ತಿಂಗಳಲ್ಲಿ ಅರ್ಧದಷ್ಟು ಸತ್ತವು. ಉಳಿದ ಮೂವತ್ತು ಮನೆಗಳವರಿಗೆ ಹಣವನ್ನೇ ಕೊಟ್ಟು ಬೈದೋವಾದ ಸಂತೆಯಲ್ಲಿ ನೀವೇ ಆರಿಸಿಕೊಳ್ಳಿ ಎಂದೆವು. ಸುಮಾರು 35ಕ್ಕೆ ಕೊಂಡರು, ತೊಂಬತ್ತರಲ್ಲಿ ಹತ್ತು ಹನ್ನೆರಡು ಸತ್ತಿರಬಹುದು. ಅವರು ಹಲ್ಲು ನೋಡಿ, ಕೆಚ್ಚಲು ಮುಟ್ಟಿ, ಮಾರುವವನ ಊರು ಕೇಳಿ ಕೊಳ್ಳುತ್ತಿದ್ದರು. ಗುತ್ತಿಗೆದಾರರಿಗೆ ಬೇಕಿದ್ದದ್ದು ತಲೆ ಎಣಿಕೆ.

ಬಕಾರ್‌ಗೆ ಬರುತ್ತೇನೆ. 2013ರ ಜನವರಿ ಕೊನೆಗೆ ನಾನು ಒಂದು ಹಳ್ಳಿಗೆ ಹೋದೆ, ನಲವತ್ತು ನಿಮಿಷ ಮಾತ್ರ ಇರಲು ಅನುಮತಿ. ಮೂರು ವಾರದ ಹಿಂದೆ ತುಂಬಿ ಮುಚ್ಚಿದ್ದ ಗುಂಡಿಯೊಂದನ್ನು ನನಗೆ ತೋರಿಸಲೆಂದು ತೆರೆದರು. ಮೇಲಿನ ಮಣ್ಣು ಬದಿಗೆ ಸರಿಸಿ, ದಂಟಿನ ಹೊದಿಕೆ ತೆಗೆದರು. ಒಳಗಿನಿಂದ ಬಿಸಿಯಾದ, ಹುಳಿಯಾದ ಗಾಳಿ ಮೇಲೆದ್ದು ಮುಖಕ್ಕೆ ಬಡಿಯಿತು. ನಮ್ಮೂರ ಹಗೇವಿನ ವಾಸನೆ ಅದು, ಎಲ್ಲಿದ್ದರೂ ಗುರುತು ಸಿಗುತ್ತದೆ. ಹದಿನೈದು ಹದಿನಾರರ ಹುಡುಗನೊಬ್ಬ ಆಗಲೇ ಕಾಲು ಇಳಿಬಿಟ್ಟು ಒಳಕ್ಕೆ ಇಳಿಯಲು ಹೊರಟಿದ್ದ. ನಾನು ಅವನ ತೋಳು ಹಿಡಿದು ಎಳೆದೆ. ಹಗೇವಿಗೆ ಇಳಿದು ಉಸಿರುಕಟ್ಟಿ ಸತ್ತವರ ಕಥೆ ನಮ್ಮ ಪ್ರತಿ ಊರಲ್ಲೂ ಇದೆ. ಲಾಟೀನು ತರಿಸಿದೆ. ಹಗ್ಗ ಕಟ್ಟಿ, ನಮ್ಮ ಆಯಿ ಮಾಡುತ್ತಿದ್ದಂತೆ ನಿಧಾನವಾಗಿ ಇಳಿಬಿಟ್ಟೆ. ಎರಡು ಮೊಳ ಇಳಿಯುವಷ್ಟರಲ್ಲಿ ದೀಪ ಸಣ್ಣಗಾಗಿ ಆರಿತು. ಸುತ್ತ ನಿಂತವರು ಒಂದು ಮಾತೂ ಆಡಲಿಲ್ಲ. ಆಮೇಲೆ ಅದೇ ಬೀಜದ ಸಂತೆಯ ಅಯೆಯೋ ನನ್ನ ಸಹೋದ್ಯೋಗಿಯ ಕಡೆ ತಿರುಗಿ, ಇವನ ಊರಲ್ಲೂ ಬಕಾರ್ ಇದೆಯೇ ಎಂದು ಕೇಳಿದರು. ಇದೆ ಎಂದೆ. ಈಗ ಬಹುತೇಕ ಮುಚ್ಚಿಹೋಗಿವೆ ಎಂದು ಹೇಳಲು ನಾಲಿಗೆ ಏಳಲಿಲ್ಲ. ಅರ್ಧ ದಿನ ಬಾಯಿ ತೆರೆದಿಟ್ಟು, ಮತ್ತೆ ದೀಪ ಇಳಿಸಿ ನೋಡಿ, ಉರಿದರೆ ಮಾತ್ರ ಇಳಿಯಬೇಕು ಎಂದು ಹೇಳಿ ಬಂದೆ. ಮುಂದೆ ಪ್ರತಿ ಹಳ್ಳಿಗೆ ಎರಡೆರಡು ಲಾಟೀನು ಕೊಟ್ಟೆವು, ಒಂದಕ್ಕೆ ಆರು ಡಾಲರ್. ಇದನ್ನು ಯಾವ ದಾನಿಯ ಲೆಕ್ಕದ ಸಾಲಿಗೂ ಸೇರಿಸಲಾಗಲಿಲ್ಲ, ನನ್ನ ಕೈಯಿಂದ ಹೋಯಿತು.

ಆ ಸುಗ್ಗಿಯಲ್ಲಿ ಬಕಾರ್‌ಗೆ ಬಿದ್ದ ಜೋಳ ಮನೆಗೆ ಸರಾಸರಿ ಐದಾರು ಕ್ವಿಂಟಲ್. ಐದು ಜನರ ಮನೆಗೆ ಆರು ತಿಂಗಳಿಗೆ ಮೋಸವಿಲ್ಲ. ಹನ್ನೊಂದರಲ್ಲಿ ಒಂಬತ್ತು ಹಳ್ಳಿಗಳಲ್ಲಿ ಇದು ನಡೆಯಿತು. ಎರಡು ಹಳ್ಳಿಗಳಲ್ಲಿ ಕಾದಾಟ ಶುರುವಾಗಿ ಜನ ತುಂಬಿದ ಗುಂಡಿ ಬಿಟ್ಟು ಓಡಿದರು. ಅಲ್ಲಿನ ಜೋಳ ಯಾರ ಪಾಲಾಯಿತೋ ತಿಳಿಯಲಿಲ್ಲ. ದದಾಬ್‌ನಿಂದ ಹಿಂತಿರುಗಿದ ಮನೆಗಳನ್ನು ನನ್ನ ಸಹೋದ್ಯೋಗಿ ಬಕಾರ್ ಲೆಕ್ಕದಲ್ಲೇ ಎಣಿಸುತ್ತಿದ್ದರು: ಇಂಥ ಊರಲ್ಲಿ ಈ ತಿಂಗಳು ಏಳು ಹೊಸ ಬಾಯಿ ತೆರೆದಿವೆ ಎಂದು ಸಂದೇಶ ಬರುತ್ತಿತ್ತು.

2016ರ ಕೊನೆಗೆ ಮತ್ತೆ ಮಳೆ ಕೈಕೊಟ್ಟಿತು. 2017ರಲ್ಲಿ ಮತ್ತೊಂದು ಕ್ಷಾಮ ಬಾಗಿಲಿಗೆ ಬಂದಿತ್ತು. ಆ ಸಲ ಜಗತ್ತು ಬೇಗ ಎದ್ದಿತು, ಹಣ ಮೊಬೈಲ್ ಮೂಲಕವೇ ಹೋಯಿತು, ಕ್ಷಾಮ ತಪ್ಪಿತು. ನಾನು ಬೈದೋವಾಕ್ಕೆ ಹೋದಾಗ ಪಟ್ಟಣದ ಸುತ್ತ ನಿರಾಶ್ರಿತರ ಗುಡಾರಗಳು, ಕಾಲರಾ ಬೇರೆ. ನಮ್ಮ ಒಂಬತ್ತು ಹಳ್ಳಿಗಳವರೂ ಅಲ್ಲಿದ್ದರು. ಆದರೆ ಅವರು ಬಂದದ್ದು ಏಪ್ರಿಲ್‌ನಲ್ಲಿ, ಸುತ್ತಲಿನವರು ಜನವರಿಯಲ್ಲೇ ಬಂದಿದ್ದರು. ಮೂರು ತಿಂಗಳ ವ್ಯತ್ಯಾಸ. ಆ ಮೂರು ತಿಂಗಳು ಅವರು ಬಕಾರ್ ತಿಂದು ಊರಲ್ಲೇ ಇದ್ದರು, ಆಡುಗಳನ್ನು ಸಿಕ್ಕ ಬೆಲೆಗೆ ಮಾರಲಿಲ್ಲ. ನೆರವು ಬಂದು ತಲುಪುವುದಕ್ಕೆ ಯಾವಾಗಲೂ ಬೇಕಾಗುವ ಅವಧಿ ಅಷ್ಟೇ. ಇದನ್ನು ನೋಡಿದ ಮೇಲೆಯೇ ನೈರೋಬಿಯ ಹಳೆಯ ಸಭೆಯಲ್ಲಿ ತಲೆ ಅಲ್ಲಾಡಿಸಿದ್ದ ಆ ಇಬ್ಬರು ನನಗೆ ಪತ್ರ ಬರೆದು ಕಂತುಗಳ ಪಟ್ಟಿ ಕೇಳಿದ್ದು.

2020ರ ಕೊನೆಯಿಂದ 2022ರವರೆಗೆ ಸತತ ಐದು ಮಳೆಗಾಲ ಕೈಕೊಟ್ಟವು. ಯಾವ ಬಕಾರ್ ಐದು ಹಂಗಾಮು ಕಾಯುತ್ತದೆ? ಎರಡನೆಯದಕ್ಕೇ ಬರಿದಾದವು. ನಮ್ಮ ಹಳ್ಳಿಗಳೂ ಖಾಲಿಯಾದವು, ಬೈದೋವಾದಲ್ಲಿ ಮತ್ತೆ ಮಕ್ಕಳು ಸತ್ತರು. ಹಗೇವು ಒಂದು ಕೆಟ್ಟ ವರ್ಷವನ್ನು ದಾಟಿಸುತ್ತದೆ, ಎರಡನೆಯದನ್ನು ಅರ್ಧ ದಾಟಿಸುತ್ತದೆ. ಅದಕ್ಕಿಂತ ಹೆಚ್ಚಿನದನ್ನು ನಾನು ಯಾರಿಗೂ ಭರವಸೆ ಕೊಟ್ಟಿಲ್ಲ, ಕೊಡುವುದೂ ಇಲ್ಲ. ನಮ್ಮ ಕಡೆ 1791-92ರ ಬರಕ್ಕೆ ಡೋಗಿ ಬರ ಎನ್ನುತ್ತಾರೆ, ಹೂಳುವವರಿಲ್ಲದೆ ತಲೆಬುರುಡೆಗಳು ಬಿದ್ದಿದ್ದ ಬರ. ಆಗಲೂ ನಮ್ಮಲ್ಲಿ ಹಗೇವುಗಳಿದ್ದವು.

2023ರ ಕೊನೆಗೆ ಬರದ ಬದಲು ನೆರೆ ಬಂದಿತು. ದೇರ್ ಮಳೆ ಬೈದೋವಾವನ್ನೇ ಮುಳುಗಿಸಿತು. ಹಿಂತಿರುಗಿ ಬಿತ್ತಿದ್ದ ಕೆಲವರ ಹಳೆಯ ಬಕಾರ್‌ಗಳಿಗೆ ನೀರು ನುಗ್ಗಿತು. ಕಳೆದ ಸಲ ನನ್ನ ಸಹೋದ್ಯೋಗಿ ಮೊಬೈಲ್‌ನಲ್ಲಿ ಒಂದು ಚಿತ್ರ ಕಳಿಸಿದರು: ಊರಾಚೆ ದಿಬ್ಬದ ಮೇಲೆ ಹೊಸದಾಗಿ ತೋಡಿದ ಐದು ಗುಂಡಿ, ಒಂದರ ಅಂಚಿನಲ್ಲಿ ಹೊಸೆದ ಹುಲ್ಲಿನ ಹಗ್ಗದ ಸುರುಳಿ, ಪಕ್ಕದಲ್ಲಿ ಗಾಜು ಒಡೆದ ಲಾಟೀನು. ಯಾವ ಸಂಸ್ಥೆ ಹಣ ಕೊಟ್ಟಿತು ಎಂದು ಕೇಳಿದೆ. ಯಾರೂ ಇಲ್ಲ, ಅವರೇ ತೋಡಿಕೊಂಡರು, ಗಾಜು ಮಾತ್ರ ಇಲ್ಲಿ ಸಿಗುತ್ತಿಲ್ಲ ಎಂದರು. ಎರಡು ಡಜನ್ ಗಾಜು ನೈರೋಬಿಯಿಂದ ಕಳಿಸುವ ಏರ್ಪಾಡು ಮಾಡಿದ್ದೇನೆ.